ಹೊಸ ಕರಿದ ಐಟಂ ಮೆನುಗೆ ಹಾಕುವ ಮುಂಚೆ

ಬಿಲ್ಲಿಂಗ್‌ನಲ್ಲಿ ಬಟನ್ ಸೇರಿಸಿದ ಮಾತ್ರಕ್ಕೆ ಅಡುಗೆಮನೆ ತಯಾರಾಗೋಲ್ಲ. ಮೊದಲು ಫ್ರೈಯರ್‌ನಲ್ಲಿ ಆ ಐಟಂಗೇ ಬೇರೆ ಪ್ರೋಗ್ರಾಂ ಸೇವ್ ಮಾಡಿ. ಎಣ್ಣೆ 175 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಅರ್ಧ ಬಾಸ್ಕೆಟ್ ಮಾಲು ಹಾಕಿ ಟೈಮ್ ಗೊತ್ತುಮಾಡಿಕೊಳ್ಳಿ. ಒಂದೇ ತುಂಡು ಕರಿದು ನೋಡಿದ ಲೆಕ್ಕ ಉಪಯೋಗಕ್ಕೆ ಬಾರದು: ರಷ್‌ನಲ್ಲಿ ಫ್ರೋಜನ್ ಮಾಲು ಒಟ್ಟಿಗೆ ಬಿದ್ದರೆ ಎಣ್ಣೆಯ ಕಾವು ಇಳಿಯುತ್ತೆ, ಟೈಮರ್ ಕೂಗಿದರೂ ಒಳಗೆ ಹಸಿ, ಹೊರಗೆ ಎಣ್ಣೆ ಹೀರಿ ಮೆತ್ತಗೆ. ಚಿಕನ್ ಆದರೆ ಅತಿ ದಪ್ಪನೆಯ ತುಂಡಿನ ನಡುವೆ ಪ್ರೋಬ್ (ಕಾವು ಅಳೆಯುವ ಕಡ್ಡಿ) ಚುಚ್ಚಿ. 74 ಡಿಗ್ರಿ ಬರಲೇಬೇಕು.

ಆಮೇಲೆ ಅಡುಗೆಯವರಿಗೆ ಆರ್ಡರ್ ತೋರಿಸುವ ಕಿಚನ್ ಸ್ಕ್ರೀನ್. ಐಟಂ ಫ್ರೈ ಸ್ಟೇಷನ್‌ಗೆ ಮ್ಯಾಪ್ ಆಗಿದೆಯಾ, ಅಂದರೆ ಆರ್ಡರ್ ಕರಿಯುವವರ ಸ್ಕ್ರೀನ್‌ಗೇ ಹೋಗುತ್ತಾ ನೋಡಿ. ಕೌಂಟರ್, ಕಿಯಾಸ್ಕ್ (ಗ್ರಾಹಕರೇ ಆರ್ಡರ್ ಹಾಕುವ ಮಷಿನ್), ಡೆಲಿವರಿ ಆ್ಯಪ್ ಮೂರರಿಂದಲೂ ‘ಸಾಸ್ ಬೇಡ’ ಅಂತ ಒಂದೊಂದು ಟೆಸ್ಟ್ ಆರ್ಡರ್ ಹಾಕಿ. ಸಾಮಾನ್ಯವಾಗಿ ಕೈಕೊಡೋದು ಆ್ಯಪ್‌ನದ್ದೇ: ಐಟಂ ಬರುತ್ತೆ, ಸೂಚನೆ ಬರಲ್ಲ.