ಕಾಡೇ ಗುರುತಾಗಿರೋ ಸಮುದಾಯನ ಗುರುತಿಸೋದು ಹೇಗೆ?

ಪ್ರಾಜೆಕ್ಟ್‌ಗೋ ಸರ್ವೆಗೋ ಹಾಡಿ, ಪೋಡು ಅಂದ್ರೆ ಕಾಡಿನ ಜನರ ಊರುಗಳ ಕಡೆ ಹೊರಟಿರೋರಿಗೆ ಇದನ್ನ ಬರೀತಿದೀನಿ. ಮೊದಲ್ನೇದು, ಎಸ್‌ಟಿ ಪಟ್ಟಿ ಪ್ರಿಂಟ್ ತಗೊಂಡು ಅದನ್ನೇ ನಂಬ್ಕೊಂಡು ಹೋಗ್ಬೇಡಿ. ಉತ್ತರ ಕನ್ನಡದ ಸಿದ್ದಿಗಳು ಪಟ್ಟಿಗೆ ಸೇರಿದ್ದೇ 2003ರಲ್ಲಿ, ಹಂಗಂತ ಅದಕ್ಕೂ ಮುಂಚೆ ಅವ್ರಿಗೂ ಕಾಡಿಗೂ ಸಂಬಂಧ ಇರ್ಲಿಲ್ವಾ? ಬರೀ ಹೆಸರು ನೋಡಿ ತೀರ್ಮಾನ ಮಾಡೋದೂ ತಪ್ಪು, ಜೇನು ಕುರುಬರೇ ಬೇರೆ, ಕುರಿ ಸಾಕೋ ಕುರುಬರೇ ಬೇರೆ.

ಮನೆ ಎಲ್ಲಿದೆ ಅಂತ ನೋಡೋಕಿಂತ ಪೂಜೆಗೆ ಎಲ್ಲಿಗೆ ಹೋಗ್ತಾರೆ ಅಂತ ಕೇಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರನ್ನೇ ತಗೊಳ್ಳಿ, 1974ರಲ್ಲಿ ಅಭಯಾರಣ್ಯ ಆದ್ಮೇಲೆ ಎಷ್ಟೋ ಪೋಡುಗಳನ್ನ ಒಳಗಿಂದ ತಂದು ಅಂಚಲ್ಲಿ, ರಸ್ತೆ ಪಕ್ಕ ಕೂರಿಸಿದ್ರು, ಈಗ ಹೋಗಿ ನೋಡಿದ್ರೆ ಹೆಂಚಿನ ಮನೆ, ಡಿಶ್ಶು, ಬೈಕು ಎಲ್ಲ ಕಾಣ್ಸುತ್ತೆ, ಅಯ್ಯೋ ಇವರೇನು ಕಾಡಿನ ಜನ ಅಂದ್ಕೊಂಡು ವಾಪಸ್ ಬರೋರಿದಾರೆ. ಆದ್ರೆ ಅವರ ದೊಡ್ಡ ಸಂಪಿಗೆ ಮರ ಇರೋದು ಕಾಡೊಳಗೆ, ಹೊಳೆ ದಡದಲ್ಲಿ. ಅದು ಅವರ ದೇವ್ರು.

ಸೋಲಿಗರಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಯಲ್ಲೆ, ಅಂದ್ರೆ ಆ ಕುಲದ್ದು ಅನ್ನೋ ಕಾಡಿನ ಭಾಗ ಇರುತ್ತೆ, ಅದರಲ್ಲಿ ದೇವರು, ಮಾರಮ್ಮ, ವೀರು ಅನ್ನೋ ಶಕ್ತಿ, ಕಲ್ಲುಗುಡಿ (ಸತ್ತವರ ಕಲ್ಲು), ಅಬ್ಬಿ (ನೀರಿನ ಸೆಲೆ) ಇವುಗಳ ಜಾಗ ಇರ್ತವೆ. ಅವರೇ ಸಂಶೋಧಕರ ಜೊತೆ ನಡೆದು ಗುರುತು ಮಾಡಿದಾಗ ಇಂಥಾ 400ಕ್ಕೂ ಹೆಚ್ಚು ಜಾಗ ಸಿಕ್ವು. ಅದಕ್ಕೆ ಫಾರಂ ಹಿಡ್ಕೊಂಡು ಕೂರ್ಬೇಡಿ, "ತಾತ, ನಿಮ್ ಕುಲದ ಯಲ್ಲೆ ಎಲ್ಲಿಂದ ಎಲ್ಲಿಗೆ?" ಅಂತ ಕೇಳಿ, ಆಮೇಲೆ ಅವರ ಹಿಂದೆ ನಡೀರಿ. ನಾನೊಂದ್ಸಲ ಹಂಗೆ ಹೋದಾಗ ನಂಗೆ ಕಂಡಿದ್ದು ನಾಲ್ಕು ಕಲ್ಲು, ಒಣಗಿದ ತರಗು ಅಷ್ಟೇ, ತಾತ ಮಾತ್ರ ಹತ್ತು ಹೆಜ್ಜೆ ಹಿಂದೇನೇ ಚಪ್ಲಿ ಬಿಟ್ಟು ದನಿ ಇಳಿಸಿ "ಇಲ್ಲಿ ನಮ್ ಹಿರೇರವ್ರೆ" ಅಂದ್ರು, ತೀರಿಹೋದ ಹಿರಿಯರು ಅಂತ. ಯಾವ ಪ್ರಶ್ನೆಪಟ್ಟಿಲೂ ಇದು ಸಿಗಲ್ಲ.

ನಿಂತು ಹೋಗಿರೋದನ್ನೂ ತಪ್ಪದೇ ಕೇಳಿ. ಹಿಂದೆ ಸೋಲಿಗರು ಬೇಸಿಗೆ ಶುರುಲೇ ನೆಲದ ಒಣಗಿದ ಎಲೆಗೆ ತರಗು ಬೆಂಕಿ ಅಂತ ಸಣ್ಣಗೆ ಹಾಕ್ತಿದ್ರು, ಅದನ್ನ ನಿಲ್ಸಿದ್ಮೇಲೇನೇ ಲಂಟಾನ ಅನ್ನೋ ಕಳೆಗಿಡ ಹಬ್ಬಿದ್ದು, ನೆಲ್ಲಿ ಮರದ ಮೇಲೆ ಬೆಳೆದು ಅದರ ಸಾರ ಹೀರೋ ಉಪ್ಪಿಲು ಗಿಡ ಜಾಸ್ತಿ ಆಗಿದ್ದು ಅಂತ ಹಿರಿಯರು ಹೇಳ್ತಾರೆ. ಕಾಡಲ್ಲಿ ಸುಮ್ನೆ ವಾಸ ಇರೋರಿಗೂ, ಕಾಡನ್ನ ಓದಕ್ಕೆ ಬರೋರಿಗೂ ಇರೋ ವ್ಯತ್ಯಾಸ ಇಂಥಾ ಮಾತಲ್ಲೇ ಗೊತ್ತಾಗೋದು.

ಕೇಳಿದ್ದನ್ನ ದಿನಾಂಕ ಹಾಕಿ, ಜಾಗದ ಹೆಸರು ಅವರ ಬಾಯಲ್ಲಿ ಬಂದಂಗೇ ಬರ್ಕೊಳ್ಳಿ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮದಲ್ಲಿ ಹಿರಿಯರ ಹೇಳಿಕೆ, ಸ್ಮಶಾನ, ಬಾವಿ, ಪೂಜೆ ಜಾಗ ಎಲ್ಲಾನೂ ಸಾಕ್ಷಿ ಅಂತ ಒಪ್ತಾರೆ, ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶ ಅಂತ ಘೋಷಣೆ ಆದ 2011ರಲ್ಲೇ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ತು. ಅಂದ್ರೆ ನಿಮ್ಮ ನೋಟ್‌ಬುಕ್ಕು ನಾಳೆ ಅವರ ಕೆಲಸಕ್ಕೂ ಬರ್ಬೋದು, ಅದಕ್ಕೆ ಒಂದು ಕಾಪಿ ಗ್ರಾಮಸಭೆಗೇ ಕೊಟ್ಟು ಬನ್ನಿ. ತಮ್ಮನ್ನ ಏನಂತ ಕರೀಬೇಕು ಅಂತ ಅವರನ್ನೇ ಕೇಳಿ ಬರೀರಿ, ಮತ್ತೆ ಅವರು ಬೇಡ ಅಂದ ಜಾಗದ ಫೋಟೋ ತೆಗೀಬೇಡಿ, ಲೊಕೇಶನ್ ಅಂತೂ ಎಲ್ಲೂ ಹಾಕ್ಬೇಡಿ.