ವೀಲಿಂದ ಗುಂಯ್ ಅನ್ನೋ ಸೌಂಡು, ಕೊನೆಗೂ ಕಾರಣ ಸಿಕ್ತು

ಹಾಸನದಿಂದ ಬೆಂಗಳೂರಿಗೆ ಕಾರಲ್ಲಿ ಬರುವಾಗ ಸ್ಪೀಡು 60 ದಾಟಿದ್ರೆ ಸಾಕು, ಮುಂದಿಂದ ಗುಂಯ್ ಅಂತ ಒಂದೇ ಸಮ ಸೌಂಡು, ನ್ಯೂಟ್ರಲ್‌ಗೆ ಹಾಕಿದ್ರೂ ಹಂಗೇ ಇತ್ತು, ಅಂದ್ರೆ ಇಂಜಿನ್‌ದಲ್ಲ, ವೀಲ್ ಕಡೇದೇ. ಗ್ಯಾರೇಜಲ್ಲಿ ನೋಡಿದ ತಕ್ಷಣ "ಟೈರ್ ಸವ್ದಿದೆ ಸಾರ್, ನಾಲ್ಕೂ ಚೇಂಜ್ ಮಾಡ್ಸಿ" ಅಂದ್ರು. ನಾಲ್ಕು ಟೈರ್ ಅಂದ್ರೆ ಸುಮ್ನೇನಾ! ಅದ್ರ ಬದ್ಲು ಮುಂದಿನ ಟೈರ್ ಹಿಂದಕ್ಕೆ, ಹಿಂದಿಂದು ಮುಂದಕ್ಕೆ ಹಾಕ್ಸಿ ಓಡ್ಸಿದೆ, ಟೈರ್ ಸೌಂಡಾಗಿದ್ರೆ ಅದೂ ಹಿಂದಕ್ಕೆ ಹೋಗ್ಬೇಕಿತ್ತು, ಹೋಗ್ಲಿಲ್ಲ.

ಆಮೇಲೆ ಖಾಲಿ ರೋಡಲ್ಲಿ ಸ್ಟೇರಿಂಗ್ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸ್ತಾ ಹೋದೆ. ಬಲಕ್ಕೆ ತಿರುಗಿಸಿದಾಗ ಸೌಂಡ್ ಜಾಸ್ತಿ, ಎಡಕ್ಕೆ ಬಂದ್ರೆ ಕಮ್ಮಿ. ಬಲಕ್ಕೆ ತಿರುಗಿದ್ರೆ ಭಾರ ಎಡಗಡೆ ವೀಲ್ ಮೇಲೆ ಬೀಳತ್ತಲ್ಲ, ಹಂಗಾಗಿ ಎಡಗಡೆ ಬೇರಿಂಗ್ (ವೀಲ್ ಸಲೀಸಾಗಿ ತಿರುಗೋಕೆ ಒಳಗಿರೋ ಗುಂಡುಗಳ ಬಳೆ) ಮೇಲೇ ಡೌಟು. ಜಾಕ್ ಹಾಕಿ ಸ್ಟ್ಯಾಂಡ್ ಕೊಟ್ಟು ವೀಲನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಪ್ಲೇ, ಅಂದ್ರೆ ಲೂಸಾಗಿ ಅಲ್ಲಾಡೋದು, ಏನಿರ್ಲಿಲ್ಲ (ಪ್ಲೇ ಇಲ್ಲ ಅಂದ್ರೆ ಬೇರಿಂಗ್ ಚೆನ್ನಾಗಿದೆ ಅಂತಲ್ಲ), ಆದ್ರೆ ಒಂದ್ ಕೈಲಿ ಆ ವೀಲಿನ ಸಸ್ಪೆನ್ಷನ್ ಕಾಯಿಲ್ ಸ್ಪ್ರಿಂಗ್ ಹಿಡ್ಕೊಂಡು ಇನ್ನೊಂದ್ ಕೈಲಿ ವೀಲ್ ತಿರುಗಿಸಿದ್ರೆ ಬೆರಳಿಗೆ ರಾಗಿ ಬೀಸೋ ಕಲ್ಲು ಮುಟ್ಟಿದಂಗೆ ಗರಗರ. ಬಲಗಡೆ ಹಂಗೇ ಮಾಡಿದ್ರೆ ಏನೂ ಇಲ್ಲ.

ಬೇರಿಂಗ್ ತಂದು ಹೈಡ್ರಾಲಿಕ್ ಪ್ರೆಸ್ (ಒಂದೇ ಸಮ ಒತ್ತಿ ಕೂರಿಸೋ ಮೆಷೀನು) ಇರೋ ಕಡೆಯೇ ಹಾಕ್ಸಿದೆ, ಸುತ್ತಿಗೇಲಿ ಹೊಡೆದು ಕೂರಿಸ್ತೀವಿ ಅನ್ನೋರ ಹತ್ರ ಹೋಗ್ಲೇಬೇಡಿ, ಹೊಸ ಬೇರಿಂಗ್ ಅಲ್ಲೇ ಹಾಳಾಗತ್ತೆ. ಎಬಿಎಸ್ (ಬ್ರೇಕ್ ಒತ್ತಿದಾಗ ವೀಲ್ ಲಾಕ್ ಆಗದಂಗೆ ನೋಡ್ಕೊಳೋ ಸಿಸ್ಟಮ್) ಇರೋ ಗಾಡಿ ಆದ್ರೆ, ಬೇರಿಂಗ್‌ನ ಮ್ಯಾಗ್ನೆಟ್ ಸೀಲ್ ಇರೋ ಸೈಡು ವೀಲ್ ಸ್ಪೀಡ್ ಓದೋ ಸೆನ್ಸರ್ ಕಡೆ ಬರ್ಬೇಕು, ತಿರುಗಾಮುರುಗಾ ಕೂತ್ರೆ ಎಬಿಎಸ್ ಲೈಟ್ ಹತ್ಕೊಳತ್ತೆ. ವೀಲ್ ಮಧ್ಯದ ದೊಡ್ಡ ಹಬ್ ನಟ್ಟೂ ಹೊಸದೇ ಹಾಕಿ ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) ಟೈಟ್ ಮಾಡ್ಸಿದೆ. ಈಗ 100ರಲ್ಲೂ ಬರೀ ಗಾಳಿ ಸೌಂಡು.