ನಾಲೆ ಬಯಲಲ್ಲಿ ಬಂಡೆ ಹುಡುಕಿದ್ದು

ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಬಯಲು. ಅಲ್ಲೊಂದು ದೊಡ್ಡ ಗೋದಾಮು ಕಟ್ಟಬೇಕಿತ್ತು. ಬಂಡೆ ಎಷ್ಟು ಆಳದಲ್ಲಿದೆ ಎಂದು ನೋಡಿ ಹೇಳುವುದು ನನ್ನ ಕೆಲಸ. ಬಂಡೆಗಳ ಕುಂತಿಬೆಟ್ಟ ಕಣ್ಣಿಗೆ ಕಾಣುತ್ತಿತ್ತು. ಹಾಗಾಗಿ ನಾಲ್ಕೈದು ಮೀಟರಿಗೇ ಕಲ್ಲು ಸಿಗುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ನೆಲದ ಕಂಪನ ಹಿಡಿಯುವ 24 ಜಿಯೋಫೋನ್‌ಗಳನ್ನು 2 ಮೀಟರಿಗೊಂದರಂತೆ ಸಾಲಾಗಿ ನೆಟ್ಟೆವು. ನೆಲದ ಮೇಲೆ ಕಬ್ಬಿಣದ ತಟ್ಟೆ ಇಟ್ಟು 8 ಕಿಲೋ ಸುತ್ತಿಗೆಯಿಂದ ಹೊಡೆದೆವು. ಒಂದೊಂದು ಜಾಗದಲ್ಲೂ 8 ಏಟು. ಏಟುಗಳನ್ನು ಕೂಡಿಸಿದಷ್ಟೂ ಅಲೆ ಸ್ಪಷ್ಟವಾಗುತ್ತದೆ. ಬೆಳಿಗ್ಗೆ ಆರಕ್ಕೇ ಶುರು ಮಾಡಿದೆವು. ಗಾಳಿ ಎದ್ದರೆ ಕಬ್ಬಿನ ಬೇರೂ ನೆಲವನ್ನು ಅಲುಗಿಸುತ್ತದೆ. ಪಕ್ಕದ ರೈತರು ಪಂಪ್‌ಸೆಟ್ ನಿಲ್ಲಿಸಿಕೊಟ್ಟರು, ಅದು ದೊಡ್ಡ ಉಪಕಾರ.

ಮೊದಲು ರಿಫ್ರಾಕ್ಷನ್ ಲೆಕ್ಕ. ಏಟಿನ ಅಲೆ ಕೆಳಗಿನ ಪದರದಲ್ಲಿ ಬಾಗಿ ಮರಳಿ ಬರುವ ಹೊತ್ತಿನಿಂದ ಪದರದ ಆಳ, ವೇಗ ಲೆಕ್ಕ ಹಾಕುವುದು. ಇದರಲ್ಲಿ ನೋಡುವುದು ಶಬ್ದದಂತೆ ಒತ್ತುತ್ತಾ ಸಾಗುವ ಅಲೆಯನ್ನು. ಮೇಲಿನ ಮಣ್ಣಿನಲ್ಲಿ ಅಲೆಯ ವೇಗ ಸೆಕೆಂಡಿಗೆ 450 ಮೀಟರ್. 4 ಮೀಟರ್ ಕೆಳಗೆ ಒಮ್ಮೆಲೇ 1600. ಕೊಳೆತ ಕಲ್ಲು, ಅಂದರೆ ಶಿಥಿಲವಾದ ಬಂಡೆ, ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆದೇಬಿಟ್ಟೆ. ಆದರೆ ರಾತ್ರಿ ಅದು ಕಾಡತೊಡಗಿತು. ನೀರಿನಲ್ಲೂ ಈ ಅಲೆಯ ವೇಗ ಸುಮಾರು 1500 ಅಲ್ವಾ? ನೀರು ತುಂಬಿದ ಮಣ್ಣೂ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ. ನಾಲೆಯಲ್ಲಿ ಆಗ ನೀರು ತುಂಬಿ ಹರಿಯುತ್ತಿತ್ತು.

ಮರುದಿನ ಅದೇ ಸಾಲಿನಲ್ಲಿ ಎಂಎಎಸ್‌ಡಬ್ಲ್ಯೂ ಎಂಬ ಇನ್ನೊಂದು ಪರೀಕ್ಷೆ ಮಾಡಿದೆವು. ಇದು ನೆಲದ ಮೈಮೇಲೆ ಉರುಳುವ ಅಲೆಗಳನ್ನು ಹಿಡಿಯುತ್ತದೆ. ಉದ್ದದ ಅಲೆ ಆಳದ ಸುದ್ದಿ ತರುತ್ತದೆ, ಗಿಡ್ಡದ್ದು ಮೇಲಿನದ್ದು. ಅದರಿಂದ ಶಿಯರ್ ಅಲೆಯ, ಅಂದರೆ ನೆಲವನ್ನು ಅಡ್ಡಕ್ಕೆ ಅಲುಗಿಸುತ್ತಾ ಸಾಗುವ ಅಲೆಯ, ವೇಗ ಸಿಗುತ್ತದೆ. ನೀರಿಗೆ ಶಿಯರ್ ಅಲೆಯನ್ನು ಸಾಗಿಸುವ ಶಕ್ತಿಯೇ ಇಲ್ಲ. ಹಾಗಾಗಿ ಮಣ್ಣು ನೆನೆದಿದೆ ಎಂದು ಅದರ ವೇಗ ಜಾಸ್ತಿ ಆಗುವುದಿಲ್ಲ. 9 ಮೀಟರಿನವರೆಗೂ 200ರ ಆಸುಪಾಸಿನಲ್ಲೇ ಇತ್ತು. ಅಂದರೆ ಮೆತ್ತನೆ ಮಣ್ಣು. ಅಲ್ಲಿಂದ ಕೆಳಗೆ 700 ದಾಟಿತು.

ಎರಡು ಬೋರ್ ಹಾಕಿಸಿದೆವು. 4 ಮೀಟರಿಗೆ ನೀರು. ಅದರ ಕೆಳಗೆ ಮರಳು ಬೆರೆತ ಜೇಡಿ. ಕಲ್ಲು ತಾಗಿದ್ದು 9 ಮೀಟರ್ ದಾಟಿದ ಮೇಲೆ. 4 ಮೀಟರಿನ ಪಾಯದ ನಕ್ಷೆಯನ್ನು ಎಂಜಿನಿಯರ್ ಅಲ್ಲೇ ಬದಿಗಿಟ್ಟು ಪೈಲ್, ಅಂದರೆ ಆಳಕ್ಕೆ ಇಳಿಸುವ ಕಂಬಗಳ, ಲೆಕ್ಕಕ್ಕೆ ಕೂತರು. ಸುಮ್ನೆ ವೇಗದ ಒಂದು ಅಂಕಿ ನಂಬಿ ನಾನು ವರದಿ ಕೊಟ್ಟಿದ್ದರೆ ಆ ಗೋದಾಮು ಕೆಸರಿನ ಮೇಲೆ ನಿಲ್ಲುತ್ತಿತ್ತು.

ಬೇಸಿಗೆಯಲ್ಲಿ ನಾಲೆ ನಿಂತಾಗ ಮತ್ತೆ ಹೋಗಿ ಅದೇ ಸಾಲು ಹೊಡೆದೆ. 1600ರ ಗೆರೆ 6 ಮೀಟರಿಗೆ ಇಳಿದಿತ್ತು. ಶಿಯರ್ ಗೆರೆ ಇದ್ದಲ್ಲೇ ಇತ್ತು.